ಕನಕಪುರ ಸೀಮೆಯ ಸಂಕ್ರಾಂತಿ

ಸಂಕ್ರಾಂತಿಯು ಸೂರ್ಯನು ಮಕರ ರಾಶಿಯನ್ನು ಪ್ರವೇಶಿಸುವ ದಿನ, ಸಾಮಾನ್ಯವಾಗಿ ಜನವರಿ 14 ಅಥವಾ 15ರಂದು, ಆಚರಿಸಲಾಗುವ ಸುಗ್ಗಿಯ ಹಬ್ಬ. ತಮಿಳುನಾಡಿನಲ್ಲಿ ಪೊಂಗಲ್, ಅಸ್ಸಾಮಿನಲ್ಲಿ ಮಾಘ ಬಿಹು, ಗುಜರಾತಿನಲ್ಲಿ ಉತ್ತರಾಯಣ ಎಂಬ ಹೆಸರುಗಳಿಂದ ಇದು ಭಾರತದ ಬಹುಭಾಗದಲ್ಲಿ ನಡೆಯುತ್ತದೆ. ದೊಡ್ಡಆಲಹಳ್ಳಿಯನ್ನು ಒಳಗೊಂಡ ಕನಕಪುರ ತಾಲ್ಲೂಕು ಹಾಗೂ ನೆರೆಯ ರಾಮನಗರ, ಚನ್ನಪಟ್ಟಣ, ಮಾಗಡಿ ತಾಲ್ಲೂಕುಗಳಲ್ಲಿ ಈ ಹಬ್ಬವು ರಾಗಿಯ ಒಕ್ಕಣೆ ಮತ್ತು ದನಕರುಗಳ ಪೂಜೆಯೊಂದಿಗೆ ಬೆಸೆದುಕೊಂಡಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಲಾಯಿತು.

ಮೂಲ

ಹಳಗನ್ನಡದಲ್ಲಿ ‘ಸುಗ್ಗಿ’ ಎಂಬ ಪದಕ್ಕೆ ವಸಂತಕಾಲವೆಂಬ ಅರ್ಥವೂ ಇತ್ತು. ಇಂದು ಅದು ಪೈರು ಕೈಸೇರುವ ಕಾಲವನ್ನೇ ಸೂಚಿಸುತ್ತದೆ. ಉತ್ತರಾಯಣ ಸಂಕ್ರಾಂತಿಯನ್ನು ದಾನಕ್ಕೆ ಪ್ರಶಸ್ತ ದಿನವೆಂದು ಹೇಳುವ ಶಾಸನಗಳು ಕರ್ನಾಟಕದಲ್ಲಿ ಹೇರಳವಾಗಿವೆ. ಹಗಲು ಹಿಗ್ಗಲು ತೊಡಗುವುದು ಡಿಸೆಂಬರ್ 21 ಅಥವಾ 22ರಂದಾದರೂ ಹಬ್ಬ ಸುಮಾರು ಮೂರು ವಾರ ತಡವಾಗಿ ಬರುತ್ತದೆ. ಪಂಚಾಂಗವು ನಕ್ಷತ್ರಗಳನ್ನು ಆಧರಿಸಿ ವರ್ಷವನ್ನು ಎಣಿಸುವುದೇ ಇದಕ್ಕೆ ಕಾರಣ. ಆ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದುದರಿಂದ, ಏಳು ದಶಕಗಳಿಗೊಮ್ಮೆ ಒಂದು ದಿನದಷ್ಟು ಅಂತರ ಬೀಳುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನಕ್ಕೆ ಕೂಡಿಬರುತ್ತಿದ್ದವು.

ಕಣ ಮತ್ತು ರಾಶಿ ಪೂಜೆ

ಈ ಸೀಮೆಯ ಮಳೆಯಾಶ್ರಿತ ರಾಗಿಯು ನವೆಂಬರ್–ಡಿಸೆಂಬರ್‌ನಲ್ಲಿಯೇ ಕೊಯ್ಲಿಗೆ ಬರುತ್ತದೆ. ಆದ್ದರಿಂದ ಇಲ್ಲಿನ ಸಂಕ್ರಾಂತಿ ಕೊಯ್ಲಿನ ಹಬ್ಬ ಎನ್ನುವುದಕ್ಕಿಂತ ಒಕ್ಕಣೆಯ ಹಬ್ಬವೆನ್ನುವುದು ಹೆಚ್ಚು ಸರಿ. ಕೊಯ್ದ ತೆನೆಹುಲ್ಲನ್ನು ಕಂತೆ ಕಟ್ಟಿ ಮೆದೆ ಒಟ್ಟಿ, ಬಿಡುವಾದಾಗ ಸಗಣಿಯಿಂದ ಸಾರಿಸಿದ ಕಣದಲ್ಲಿ ಹರಡಿ ಎತ್ತುಗಳಿಂದ ಕಲ್ಲಿನ ಗುಂಡು ಎಳೆಸಿ ಒಕ್ಕುತ್ತಿದ್ದರು. ತೂರಿದ ಕಾಳನ್ನು ರಾಶಿ ಮಾಡಿ, ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ಪೂಜಿಸಿದ ಮೇಲೆಯೇ ಅಳತೆ. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ರೂಢಿ. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರು ವರ್ಷದ ದುಡಿಮೆಗೆ ಪ್ರತಿಯಾಗಿ ತಮ್ಮ ಪಾಲನ್ನು ಕಣದಲ್ಲಿಯೇ ಪಡೆಯುತ್ತಿದ್ದರು. ಹೀಗಾಗಿ ಸುಗ್ಗಿಯು ಊರಿನ ಲೆಕ್ಕ ಚುಕ್ತಾ ಆಗುವ ಕಾಲವೂ ಆಗಿತ್ತು. ಉಳಿದ ರಾಗಿ ಹಗೇವಿಗೆ ಸೇರುತ್ತಿತ್ತು. ಹುಳು ಬೀಳದೆ ವರ್ಷಗಟ್ಟಲೆ ಉಳಿಯುವ ಈ ಧಾನ್ಯವೇ ಬರಗಾಲದ ಆಸರೆ.

ಹಬ್ಬದ ಅಡುಗೆಯೂ ಅದೇ ಹೊಲದಿಂದ ಬರುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆಯು ಈ ವೇಳೆಗೆ ಸೊಗಡು ತುಂಬಿಕೊಂಡಿರುತ್ತದೆ. ಅವರೆಕಾಯಿ, ಗೆಣಸು, ಕಡಲೆಕಾಯಿಗಳನ್ನು ಬೇಯಿಸಿ, ಸಿಹಿ ಪೊಂಗಲ್‌ನೊಂದಿಗೆ ಎಡೆ ಇಡುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ ಮತ್ತು ಹುರಿಗಡಲೆಯ ಮಿಶ್ರಣವನ್ನು ಸಕ್ಕರೆ ಅಚ್ಚು, ಕಬ್ಬಿನೊಡನೆ ಮನೆಮನೆಗೆ ಬೀರುವ ಪದ್ಧತಿ ಪೇಟೆಗಳಲ್ಲಿ ಹೆಚ್ಚು ಪ್ರಬಲ.

ಕಿಚ್ಚು ಹಾಯಿಸುವುದು

ಹಳ್ಳಿಗಳಲ್ಲಿ ದಿನದ ಮುಖ್ಯ ಭಾಗ ಸಂಜೆಯದು. ಬೆಳಿಗ್ಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂವು, ಗೆಜ್ಜೆ, ಬಲೂನುಗಳಿಂದ ಸಿಂಗರಿಸಿದ ದನಗಳನ್ನು ಊರಬಾಗಿಲಲ್ಲಿ ಹೊತ್ತಿಸಿದ ಹುಲ್ಲಿನ ಬೆಂಕಿಯ ಮೇಲೆ ಹಾಯಿಸುತ್ತಾರೆ. ಇದರಿಂದ ರೋಗ ಹಾಗೂ ದೃಷ್ಟಿದೋಷ ನಿವಾರಣೆಯಾಗುತ್ತದೆಂಬುದು ನಂಬಿಕೆ. ಉಣ್ಣೆಗಳು ಉದುರುತ್ತವೆ ಎಂಬ ವಿವರಣೆಯೂ ಪ್ರಚಲಿತ. ಮೈಸೂರು ಬಳಿಯ ಸಿದ್ದಲಿಂಗಪುರದ ಕಿಚ್ಚು ಹೆಚ್ಚು ಪ್ರಸಿದ್ಧ. ದನಗಳಿಗೂ ಜೊತೆಯಲ್ಲಿ ಓಡುವವರಿಗೂ ಸುಟ್ಟಗಾಯಗಳಾಗುವ ಅಪಾಯವಿರುವುದರಿಂದ ಈ ಆಚರಣೆಗೆ ಆಕ್ಷೇಪಗಳೂ ಇವೆ. ಹಳ್ಳಿಕಾರ್ ತಳಿಯ ರಾಸುಗಳಿಗೆ ಹೆಸರಾದ ಚನ್ನಪಟ್ಟಣದ ಕೆಂಗಲ್ ಬಳಿಯ ಅಯ್ಯನಗುಡಿ ದನಗಳ ಜಾತ್ರೆಯೂ ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುತ್ತದೆ.

ಇತ್ತೀಚಿನ ಬದಲಾವಣೆಗಳು

ಉಳುಮೆ ಮತ್ತು ಒಕ್ಕಣೆಯು ಟ್ರ್ಯಾಕ್ಟರ್, ಯಂತ್ರಗಳ ಪಾಲಾದ ಮೇಲೆ ಎತ್ತುಗಳ ಸಂಖ್ಯೆ ಕುಗ್ಗಿದೆ. ಅವುಗಳ ಸ್ಥಾನವನ್ನು ಡೇರಿಗೆ ಹಾಲು ಒದಗಿಸುವ ಮಿಶ್ರತಳಿ ಹಸುಗಳು ಆಕ್ರಮಿಸಿವೆ. ದೊಡ್ಡ ಕೆಚ್ಚಲಿನ ಈ ಭಾರದ ಹಸುಗಳು ಕಿಚ್ಚು ಹಾಯಲಾರವು. ಅನೇಕ ಮನೆಗಳಲ್ಲಿ ಅವುಗಳಿಗೆ ಕೊಟ್ಟಿಗೆಯಲ್ಲೇ ಪೂಜೆ. ಕಣವಿಲ್ಲದವರು ಡಾಂಬರು ರಸ್ತೆಯ ಮೇಲೆಯೇ ರಾಗಿ ಹರಡಿ ವಾಹನಗಳ ಗಾಲಿಯಿಂದ ಒಕ್ಕಿಸುವುದುಂಟು. ಹುಲ್ಲಿನ ಮೇಲೆ ಜಾರಿ ಬೀಳುವ ದ್ವಿಚಕ್ರ ಸವಾರರ ಕಾರಣದಿಂದ ಇದು ಪ್ರತಿವರ್ಷದ ತಕರಾರಾಗಿದೆ.

ತಾಲ್ಲೂಕಿನ ದಕ್ಷಿಣ ಭಾಗದ ಊರುಗಳಿಗೆ ಮತ್ತೊಂದು ಚಿಂತೆಯಿದೆ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಅಂಚಿನಲ್ಲಿರುವ ಹೊಲಗಳಿಗೆ ರಾಗಿ ಬಲಿಯುವ ಕಾಲದಲ್ಲಿಯೇ ಆನೆಗಳು ನುಗ್ಗುತ್ತವೆ. ಮೆದೆ ಮನೆ ಸೇರುವವರೆಗೂ ರಾತ್ರಿ ಕಾವಲು ತಪ್ಪದು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಕುಟುಂಬಗಳಿಗಂತೂ ಹಬ್ಬದ ದಿನವೂ ಸೊಪ್ಪು ಕೊಯ್ಯುವ ಕೆಲಸಕ್ಕೆ ರಜೆಯಿಲ್ಲ.

ಇಂದು ರಾಗಿಯ ಗಣನೀಯ ಪಾಲು ಬೆಂಬಲ ಬೆಲೆಯ ಖರೀದಿ ಕೇಂದ್ರಗಳಿಗೆ ಹೋಗುತ್ತದೆ. 2024–25ನೇ ಸಾಲಿಗೆ ಕೇಂದ್ರ ಸರ್ಕಾರವು ಕ್ವಿಂಟಲಿಗೆ ₹4,290 ನಿಗದಿಪಡಿಸಿತ್ತು. ಕೊಳಗದ ಜಾಗಕ್ಕೆ ತೂಕದ ಯಂತ್ರ ಬಂದಿದೆ. ಹಾಗಿದ್ದೂ ಮೂಟೆ ಕಟ್ಟುವ ಮುನ್ನ ರಾಶಿಯ ಮುಂದೆ ಕಾಯಿ ಒಡೆಯುವ ರೈತರು ಈ ಸೀಮೆಯಲ್ಲಿ ಈಗಲೂ ಇದ್ದಾರೆ.