ತೋಟದಿಂದ ತೋಟಕ್ಕೆ ನಡೆದ ತಿಳಿವಳಿಕೆ

ಮಲ್ಲಂದೂರಿನ ಸುತ್ತಮುತ್ತ ಕಾಫಿ ಕೊಯ್ಲೂ ಕ್ರಿಸ್ಮಸ್ ಹಬ್ಬವೂ ಜೊತೆಯಾಗಿಯೇ ಬರುತ್ತವೆ. ಹಬ್ಬದ ದಿನ ಪರಸ್ಪರ ಭೇಟಿಯಾದಾಗ ನಾವು ಕೇಳುವುದುಂಟು: "ಈ ವರ್ಷ ಯಾವ ತೋಟದಲ್ಲಿದ್ದೀರಿ?" ಈ ಪ್ರಶ್ನೆಯಲ್ಲಿ ನಮ್ಮ ಬೆಟ್ಟಗಳ ಚರಿತ್ರೆಯೇ ಅಡಗಿದೆ.

ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದರೆಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಬೀಜವನ್ನು ಹೇಗೋ ತರಬಹುದು. ಅದನ್ನು ಬೆಳೆಸುವ ಬಗೆ ಮಾತ್ರ ಬಲ್ಲವರ ಜೊತೆಗೇ ಬರಬೇಕು. 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲರು ಚಿಕ್ಕಮಗಳೂರಿನ ಬಳಿಯ ಬೆಟ್ಟಗಳಲ್ಲಿ ತೋಟ ಮಾಡಿದರು. ಮುಂದೆ ತೋಟಗಳು ಹೆಚ್ಚಿದಂತೆ, ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದಲೂ ತಮಿಳುನಾಡಿನ ಕಡೆಯಿಂದಲೂ ಆಳುಗಳನ್ನು ಕರೆತಂದರು. ಮುಂಗಡ ತೀರುವವರೆಗೆ ಅವರಿಗೆ ಬಿಡುಗಡೆಯಿರಲಿಲ್ಲ. ತೀರಿಸಿ ಬೇರೆ ತೋಟಕ್ಕೆ ಹೋದವರ ಜೊತೆಯಲ್ಲಿ ಮರಗಸಿಯ ಹದ, ಚಿಗುರು ತೆಗೆಯುವ ಕ್ರಮ, ಪಲ್ಪರ್ ನಡೆಸುವ ಜಾಣ್ಮೆಯೂ ಹೋದವು. ಒಂದು ತೋಟ ಕಳೆದುಕೊಂಡದ್ದನ್ನು ಇನ್ನೊಂದು ತೋಟ ಪಡೆಯಿತು.

1860ರ ದಶಕದಲ್ಲಿ ಕಾಂಡಕೊರಕ ಹುಳು ಹಳೆಯ 'ಚಿಕ್' ತಳಿಯನ್ನು ಹಾಳುಮಾಡಿತು. ಕೊಡಗಿನ ಬೀಜ ತಂದು, ನೆರಳಿನ ಮರಗಳನ್ನು ಉಳಿಸಿಕೊಂಡ ಮೇಲೆ ತೋಟಗಳು ಚೇತರಿಸಿಕೊಂಡವು. ತೋಟಗಾರ ರಾಬರ್ಟ್ ಎಲಿಯಟ್ ಈ ಅನುಭವವನ್ನು 1894ರ ತಮ್ಮ ಪುಸ್ತಕದಲ್ಲಿ ಬರೆದಿಟ್ಟರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಕೆಂಟ್ ಎಂಬ ತೋಟಗಾರರು 1911ರಲ್ಲಿ ಆರಿಸಿದ್ದ ಗಿಡಗಳ ತಳಿಯನ್ನು ಬಳಸಿ, ಆ ಕೇಂದ್ರ 1940ರ ದಶಕದಲ್ಲಿ ಎಸ್.795 ತಳಿಯನ್ನು ಕೊಟ್ಟಿತು. ಹೀಗೆ ಒಬ್ಬರ ತೋಟದ ಗಿಡ ಎಲ್ಲರ ಸೊತ್ತಾಯಿತು.

ಆದರೆ ಎಲ್ಲವೂ ಪುಸ್ತಕಕ್ಕೆ ಇಳಿಯುವುದಿಲ್ಲ. ಯಾವ ಇಳಿಜಾರಿನಲ್ಲಿ ಯಾವ ಕೊಂಬೆ ಕಡಿಯಬೇಕು, ಹುಳು ಹೊಕ್ಕ ಗಿಡವನ್ನು ಹೇಗೆ ಗುರುತಿಸಬೇಕು ಎಂಬುದು ಮರ ಹತ್ತಿದವರಿಗೆ, ಸಾಲು ಸಾಲು ತಿರುಗಿದವರಿಗೆ ಮಾತ್ರ ಗೊತ್ತು. ಇಂದು ಅವರ ಮಕ್ಕಳು ಬೆಂಗಳೂರು ಸೇರಿದ್ದಾರೆ. ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ಕೆಲವು ತಿಂಗಳಿದ್ದು ಮರಳುತ್ತಾರೆ. ಹಳಬರಿಗೆ ಶಿಷ್ಯರಿಲ್ಲ, ಹೊಸಬರಿಗೆ ಗುರುಗಳಿಲ್ಲ.

ಹೋಗುವವರನ್ನು ತಡೆಯುವ ಹಕ್ಕು ನಮಗಿಲ್ಲ. ಮುಂಗಡದ ಕಟ್ಟು ಎಷ್ಟು ಬಿಗಿಯಾಗಿತ್ತೆಂಬುದನ್ನು ನಮ್ಮ ಹಿರಿಯರು ಅನುಭವಿಸಿದ್ದಾರೆ. ನಾವು ಮಾಡಬಹುದಾದದ್ದು ಇಷ್ಟೇ: ಬಲ್ಲವರು ಕೆಲಸ ಬಿಡುವ ಮುನ್ನ ಒಬ್ಬರಿಗಾದರೂ ಕಲಿಸುವಂತೆ ಕೇಳಿಕೊಳ್ಳೋಣ, ಕಲಿಸಿದ ದಿನಗಳಿಗೂ ಕೂಲಿ ಕೊಡೋಣ. ದೂರದಿಂದ ಬಂದವರನ್ನೂ ಹೆಸರು ಹಿಡಿದು ಕರೆದು, ಕೆಲಸ ಹೇಳಿಕೊಡೋಣ. ನಮ್ಮ ಹಿರಿಯರೂ ಒಂದು ಕಾಲಕ್ಕೆ ಈ ಬೆಟ್ಟಕ್ಕೆ ಹೊಸಬರಾಗಿಯೇ ಬಂದವರಲ್ಲವೇ?