ಬಿಚ್ಚಿ ನೋಡಿದ ಪೊಟ್ಟಣ

ಹೊಸನಗರದ ನನ್ನ ತಂಗಿಯ ಮಗಳು ಸಿಂಗಾಪುರಕ್ಕೆ ಹೊರಟಿದ್ದಳು. ಪಕ್ಕದ ಮನೆಯಾಕೆ ಪೊಟ್ಟಣವೊಂದನ್ನು ತಂದು, "ಅಲ್ಲಿ ನಮ್ಮ ಹುಡುಗನಿಗೆ ಕೊಡು ಮಾರಾಯ್ತಿ" ಎಂದು ಕೊಟ್ಟು ಹೋದರು. ಬಿಚ್ಚಿ ನೋಡೋಣವೆಂದೆ. "ನೆರೆಯವರ ಮೇಲೆ ಅನುಮಾನವೇ ಅಕ್ಕಾ?" ಎಂದಳು ತಂಗಿ.

ಚರಿತ್ರೆ ಪಾಠ ಮಾಡುವವಳು ನಾನು, ಸುಮ್ಮನಿರಲಾಗಲಿಲ್ಲ. ಸಾಗರ, ತೀರ್ಥಹಳ್ಳಿಯ ಕಡೆ ಗಾಂಜಾ ಬೆಳೆದು ಸಿಕ್ಕಿಬಿದ್ದವರ ಸುದ್ದಿ ನಮಗೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಅದನ್ನು ಲೈಸೆನ್ಸಿನ ಅಂಗಡಿಗಳಲ್ಲೇ ಮಾರುತ್ತಿದ್ದರು. 1893-94ರ ಆಯೋಗವೂ ಪೂರ್ತಿ ನಿಷೇಧ ಬೇಡವೆಂದಿತ್ತು. 1985ರ ಕಾಯ್ದೆಯಿಂದ ಅದು ದೇಶಕ್ಕೆಲ್ಲ ಅಪರಾಧವಾಯಿತು. ಆದರೂ 1 ಕಿಲೋದೊಳಗೆ ಸಿಕ್ಕರೆ ಇಲ್ಲಿ ಹೆಚ್ಚೆಂದರೆ ಒಂದು ವರ್ಷ ಸೆರೆ. ಸಿಂಗಾಪುರಕ್ಕೆ 500 ಗ್ರಾಂ ಮೀರಿ ಒಯ್ದರೆ ಗಲ್ಲಿನವರೆಗೂ ಶಿಕ್ಷೆಯುಂಟು. 2023ರ ಏಪ್ರಿಲಿನಲ್ಲಿ, ಸುಮಾರು ಒಂದು ಕಿಲೋ ಗಾಂಜಾ ಸಾಗಣೆಯಲ್ಲಿ ಕೈಜೋಡಿಸಿದನೆಂದು ತಂಗರಾಜು ಸುಪ್ಪಯ್ಯ ಎಂಬಾತನನ್ನು ಅಲ್ಲಿ ಗಲ್ಲಿಗೇರಿಸಿದರು. ಪೆಟ್ಟಿಗೆಯಲ್ಲಿದ್ದದ್ದು ಏನೆಂದು ಗೊತ್ತಿರಲಿಲ್ಲವೆಂದರೆ, ಅದನ್ನು ರುಜುವಾತು ಮಾಡುವ ಹೊಣೆ ಹೊತ್ತು ತಂದವರದೇ.

ತಂಗಿ ತಾನೇ ದಾರ ಬಿಚ್ಚಿದಳು. ಒಳಗಿದ್ದದ್ದು ಗಸಗಸೆ! ಮಗನ ಪಾಯಸಕ್ಕೆಂದು ತಾಯಿ ಕಟ್ಟಿದ್ದು. ಆದರೆ ಅದು ಅಫೀಮಿನ ಗಿಡದ ಬೀಜ. ಅನುಮತಿಯಿಲ್ಲದೆ ಅಲ್ಲಿಗೆ ಒಯ್ಯುವಂತಿಲ್ಲ. ಹೇಳಿದಾಗ ಆಕೆ ಬೆಚ್ಚಿಬಿದ್ದು, "ಅಯ್ಯೋ, ನನಗೆಲ್ಲಿ ಗೊತ್ತು!" ಎಂದರು.

ಅನುಮಾನ ಬೇಡ ನಿಜ, ಬಿಚ್ಚಿ ನೋಡುವುದು ಬೇಕು. ಪ್ರೀತಿಯ ಗಂಟಿಗೂ ಕಾನೂನು ಒಂದೇ. ಗಸಗಸೆಯ ಬದಲು ಹಲಸಿನ ಹಪ್ಪಳ ಹೋಯಿತು.