ರೇಡಿಯೊ ಬಿಟ್ಟ ಜಾಗ: ನಮ್ಮ ಪ್ರೈಮರಿ ಕ್ಲಾಸಿಗೆ ಯಂತ್ರ ಬಂದ ಕಥೆ

1/6
ಡಿಜಿಟಲ್ ಕ್ಲಾಸ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಸ್ಮಾರ್ಟ್ ಬೋರ್ಡ್, ಪ್ರೊಜೆಕ್ಟರ್. ಆದ್ರೆ ಪ್ರೈಮರಿ ಮಕ್ಕಳಿಗೆ ಯಂತ್ರ ಪಾಠ ಹೇಳೋಕೆ ಶುರು ಮಾಡಿ ಎಷ್ಟೋ ವರ್ಷ ಆಯ್ತು. ಫೋಟೋದಲ್ಲಿರೋದು ನಮ್ಮನೆ ಹಳೇ ರೇಡಿಯೊ. ಮುಳ್ಳು ಈಗಲೂ 675ರ ಹತ್ರಾನೇ ನಿಂತಿದೆ. ಅದು 1965ರಲ್ಲಿ ಶುರುವಾದ ನಮ್ಮ ಭದ್ರಾವತಿ ಆಕಾಶವಾಣಿ.

2/6
ಮೊದಲು ಟಿವಿ ಕಥೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನ ಬಳಸಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕೊಟ್ರು. ಅದರ ಹೆಸರು ಸೈಟ್. ನಮ್ಮ ರಾಜ್ಯದಲ್ಲಿ ರಾಯಚೂರು, ಬಿಜಾಪುರ, ಗುಲ್ಬರ್ಗ ಕಡೆಯ ಹಳ್ಳಿಗಳು ಇದ್ವು. ಬೆಳಗ್ಗೆ ಹೊತ್ತು ಶಾಲೆ ಮಕ್ಕಳಿಗೆ ಅಂತಲೇ ಪಾಠ. ಆಮೇಲೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಇಸ್ರೋ ಎಜುಸ್ಯಾಟ್ ಹಾರಿಸ್ತು. ಚಾಮರಾಜನಗರ ಜಿಲ್ಲೆಯ ಪ್ರೈಮರಿ ಶಾಲೆಗಳಲ್ಲಿ ಅದರ ಪ್ರಯೋಗ ನಡೀತು.

3/6
ಅದೇ 2000ರ ದಶಕದಲ್ಲಿ ಆಕಾಶವಾಣಿಯಲ್ಲಿ 'ಕೇಳಿ ಕಲಿ', 'ಚುಕ್ಕಿ ಚಿನ್ನ' ಬರ್ತಿದ್ವು. ರೇಡಿಯೊ ಒಂದು ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಾಗತ್ತೆ. ಆ ಜಾಗದಲ್ಲಿ ಮಕ್ಕಳು ಉತ್ತರ ಕೂಗಬೇಕು. ಈ ವಿಧಾನದ ಬೇರು 1970ರ ದಶಕದ ನಿಕರಾಗುವಾದಲ್ಲಿದೆ, ಅಲ್ಲಿ ರೇಡಿಯೊದಲ್ಲೇ ಗಣಿತ ಕಲಿಸಿದ್ರು. ತೊಂದರೆ ಒಂದೇ: ಮಗುಗೆ ಅರ್ಥ ಆಗ್ಲಿ ಬಿಡ್ಲಿ, ರೇಡಿಯೊ ಮುಂದಕ್ಕೆ ಹೋಗ್ಬಿಡತ್ತೆ. ಹಿಂದೆ ಉಳಿದ ಮಗುವಿನ ಹತ್ರ ಹೋಗಿ ಇನ್ನೊಮ್ಮೆ ಹೇಳ್ಕೊಡೋಕೆ ಟೀಚರ್ರೇ ಬೇಕು.

4/6
2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಸ್ಮಾರ್ಟ್‌ಫೋನ್ ಇರೋರು, ಬರೀ ಸಾದಾ ಫೋನ್ ಇರೋರು, ಏನೂ ಇಲ್ಲದೋರು ಅಂತ ಮಕ್ಕಳನ್ನ ಮೂರು ಗುಂಪು ಮಾಡಿದ್ರು. ಟೀಚರ್‌ಗಳು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡಿದ್ರು. ಕೊರೊನಾ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತುಹೋಯ್ತು.
ನನ್ನ ತಂಗಿ ಆಗ ಮೂರನೇ ಕ್ಲಾಸು. ಮನೇಲಿ ಇದ್ದಿದ್ದು ಒಂದೇ ಫೋನು, ಅದು ಬೆಳಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋದ್ರೆ ಬರ್ತಿದ್ದಿದ್ದು ರಾತ್ರಿ ಎಂಟಕ್ಕೆ. ವಿಡಿಯೋ ನೋಡೋಷ್ಟು ಡೇಟಾನೂ ಉಳೀತಿರ್ಲಿಲ್ಲ. ಇದು ಅವಳ ಟೀಚರ್‌ಗೆ ಗೊತ್ತಾಯ್ತು. ಎಂಟೂವರೆಗೆ ವಾಯ್ಸ್ ಮೆಸೇಜ್ ಕಳಿಸೋಕೆ ಶುರು ಮಾಡಿದ್ರು: "ಪುಟ್ಟಾ, ಏಳರ ಮಗ್ಗಿ ಹೇಳು, ನಾನು ಕಾಯ್ತೀನಿ." ಆಮೇಲೆ ಮೆಸೇಜಲ್ಲಿ ಮಾತೇ ಇಲ್ಲ, ಬರೀ ಫ್ಯಾನ್ ಸದ್ದು. ತಂಗಿ ಫೋನಿಗೇ ಮಗ್ಗಿ ಒಪ್ಪಿಸೋಳು. ರೇಡಿಯೊ ಬಿಡ್ತಿದ್ದ ಅದೇ ಜಾಗ! ಈ ಸಲ ಮಾತ್ರ ತಪ್ಪಿದ್ರೆ ಮತ್ತೆ ಮೊದಲಿಂದ ಕೇಳಬಹುದಿತ್ತು.

5/6
ಒಂದರಿಂದ ಐದನೇ ಕ್ಲಾಸು ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ಅವಳು ನಾಲ್ಕನೇ ಕ್ಲಾಸು. ಮೂರನೇ ಕ್ಲಾಸಿನ ಕೋಣೆಯಲ್ಲಿ ಒಂದು ದಿನವೂ ಕೂರಲಿಲ್ಲ. ಮಗ್ಗಿ ಬರ್ತಿತ್ತು, ಭಾಗಾಕಾರ ಬರ್ತಿರ್ಲಿಲ್ಲ. ಅವಳ ಪಕ್ಕ ಕೂರೋ ಹುಡುಗನ ಮನೇಲಿ ಫೋನೇ ಇರ್ಲಿಲ್ಲ. ಅವನಿಗೆ ಒತ್ತಕ್ಷರ ಓದೋದೇ ಮರೆತುಹೋಗಿತ್ತು. ಒಂದೇ ಬೆಂಚು, ನಡುವೆ ಒಂದು ಫೋನಿನ ಅಂತರ.

6/6
ಬಿಕಾಂನಲ್ಲಿ ನಾವು ಯಂತ್ರ ಅಂದ್ರೆ ಆಸ್ತಿ ಅಂತ ಬರೀತೀವಿ, ವರ್ಷಾ ವರ್ಷ ಸವಕಳಿ ಕಳೀತೀವಿ. ರೇಡಿಯೊ ಶಾಲೇದು, ಟಿವಿ ಶಾಲೇದು. ಆದ್ರೆ 2020ರಲ್ಲಿ ಫೋನು ಟೀಚರದ್ದು, ರೀಚಾರ್ಜ್ ಟೀಚರದ್ದು, ರಾತ್ರಿ ಎಂಟೂವರೆಯ ಸಮಯವೂ ಅವರದ್ದೇ. ಆ ಖರ್ಚನ್ನ ಯಾವ ಖಾತೆಗೆ ಹಾಕೋದು? ಯಂತ್ರಗಳು ಬದಲಾಗ್ತಾನೇ ಬಂದ್ವು. "ನಾನು ಕಾಯ್ತೀನಿ" ಅಂದಿದ್ದು ಮಾತ್ರ ಟೀಚರ್.

ನಿಮ್ಮ ತಮ್ಮ, ತಂಗಿ ಆ ವರ್ಷ ಹೇಗೆ ಕಲಿತ್ರು? ಕಾಮೆಂಟಲ್ಲಿ ಬರೀರಿ. ಆ ಟೀಚರ್ ನಂಬರ್ ಇನ್ನೂ ಇದ್ರೆ, ಇವತ್ತು ಒಂದು ವಾಯ್ಸ್ ಮೆಸೇಜ್ ಕಳಿಸಿ.

#ನಮ್ಮೂರಹಿಸ್ಟರಿ #ಭದ್ರಾವತಿ #ಶಿವಮೊಗ್ಗ #ಸರ್ಕಾರಿಶಾಲೆ